ಗೆಟ್ಟವಾಡಿಯ ಹುಳುಮನೆಯಲ್ಲಿ ಒಂದು ಮಳೆಗಾಲ

ಹೋದ ಆಷಾಢದಲ್ಲಿ ಇಲಾಖೆಯ ಕೆಲಸದ ಮೇಲೆ ಸತ್ಯಮಂಗಲದಿಂದ ತಾಳವಾಡಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ದಿಂಬಂನಲ್ಲಿ ಟೀಗೆ ನಿಲ್ಲಿಸಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಂಗಡಿಯ ಒಲೆಯ ಬೆಂಕಿಯೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಲ್ಲಿಂದ ಮುಂದೆ, ಕಾಡು ಮುಗಿದು ಹೊಲಗಳು ಶುರುವಾಗುವಲ್ಲಿ ಒಬ್ಬ ಹೆಂಗಸು ಬಸ್ಸು ಹತ್ತಿದಳು. ಹಿಪ್ಪುನೇರಳೆ ಸೊಪ್ಪಿನ ಹೊರೆಯೊಂದನ್ನು ನನ್ನ ಕಾಲ ಬಳಿ ಇಟ್ಟು, ‘ಒಸಿ ನೋಡ್ಕಳಿ’ ಎಂದು ಹಿಂದಿನ ಸೀಟಿಗೆ ಹೋದಳು. ಮಳೆಯಲ್ಲಿ ನೆನೆದ ಸೊಪ್ಪು. ಆಗತಾನೇ ಕೊಯ್ದ ಕಡ್ಡಿಗಳ ತುದಿಯಲ್ಲಿ ಹಾಲು ಇನ್ನೂ ಆರಿರಲಿಲ್ಲ. ಆ ಹಸಿ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಸೊಂಟಕ್ಕೆ ಹೋಗಿ ಚೂಡಿದಾರದ ಒಳಗಿನ ಮಿಷನ್ನನ್ನು ಮುಟ್ಟಿ ನೋಡಿತು. ಅದು ಅಲ್ಲೇ ಇತ್ತು. ನಾನು ತಾಳವಾಡಿಯಲ್ಲಿ ಕೆಲಸಕ್ಕಿದ್ದ ವರ್ಷವೂ ಅಲ್ಲೇ ಇತ್ತು. ಆದರೆ ಆಗ ಬಹಳ ದಿನ ಅದು ಅಲ್ಲಿದೆ ಎನ್ನುವುದು ಆ ಸೀಮೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ತಮಿಳುನಾಡಿನ ರೇಷ್ಮೆ ಇಲಾಖೆಯಲ್ಲಿ ಕೆಲಸ ಸಿಕ್ಕಿ, ಹೊಸೂರು ಕಡೆಯ ನಮ್ಮ ಹಳ್ಳಿಯಿಂದ ನಾನು ತಾಳವಾಡಿಗೆ ಬಂದದ್ದು ಒಂದು ಬೇಸಿಗೆಯ ಕೊನೆಯಲ್ಲಿ. ಮನೆಮಾತು ಕನ್ನಡ ಎಂಬ ಕಾರಣಕ್ಕೇ ನನ್ನನ್ನು ಅಲ್ಲಿಗೆ ಹಾಕಿದ್ದರು. ಕಚೇರಿಯಲ್ಲಿ ಬರೆಯುವುದೆಲ್ಲ ತಮಿಳು, ಹೊಲದಲ್ಲಿ ಆಡುವುದೆಲ್ಲ ಕನ್ನಡ. ಅವರ ಕನ್ನಡಕ್ಕೂ ನನ್ನ ಕನ್ನಡಕ್ಕೂ ನಡುವೆ ಒಂದು ಬೇಲಿ ಇತ್ತು. ನಾನು ‘ಹುಳ’ ಎಂದರೆ ಅವರು ‘ಉಳ’ ಎನ್ನುತ್ತಿದ್ದರು. ನಾನು ‘ಹೊಲಕ್ಕೆ ಹೋಗೋಣ’ ಎಂದರೆ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು, ನಾನೇನೋ ಪುಸ್ತಕ ಓದಿದ ಹಾಗೆ.

ನನಗೆ ಹನ್ನೊಂದನೆಯ ವಯಸ್ಸಿನಿಂದ ಸಕ್ಕರೆ ಕಾಯಿಲೆ. ವಯಸ್ಸಾದವರಿಗೆ ಬರುವ ಬಗೆಯದಲ್ಲ, ಮಕ್ಕಳಿಗೇ ಬಂದು ಸಾಯುವವರೆಗೂ ಜೊತೆಗಿರುವ ಬಗೆಯದು. ಬೇರೆಯವರ ಹೊಟ್ಟೆಯೊಳಗೆ ಅವರಿಗೆ ಗೊತ್ತಾಗದಂತೆ ಆಗುವ ಕೆಲಸವನ್ನು ನಾನು ಹೊರಗಿನಿಂದ ಮಾಡಿಕೊಳ್ಳಬೇಕು. ಬಹಳ ವರ್ಷ ದಿನಕ್ಕೆ ನಾಲ್ಕು ಸಲ ಸೂಜಿ ಚುಚ್ಚಿಕೊಂಡೆ. ಆಮೇಲೆ ಕೊಯಮತ್ತೂರಿನ ಡಾಕ್ಟರೊಬ್ಬರು ಇನ್ಸುಲಿನ್ ಪಂಪಿಗೆ ಹಾಕಿದರು. ಎರಡು ಬೆಂಕಿಪೊಟ್ಟಣ ಜೋಡಿಸಿಟ್ಟಷ್ಟು ದೊಡ್ಡ ಮಿಷನ್ನು. ಅದರಿಂದ ಹೂ ಕಟ್ಟುವ ದಾರದಷ್ಟು ಸಣ್ಣ ನಳಿಕೆಯೊಂದು ಹೊರಟು ಹೊಟ್ಟೆಯ ಚರ್ಮದೊಳಗೆ ಇಳಿದಿರುತ್ತದೆ. ಹಗಲೂ ರಾತ್ರಿ ಅದು ಹನಿಹನಿಯಾಗಿ ಇನ್ಸುಲಿನ್ ಬಿಡುತ್ತಲೇ ಇರುತ್ತದೆ. ಊಟಕ್ಕೆ ಮೊದಲು ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ನೋಡಿ, ತಿನ್ನುವುದಕ್ಕೆ ತಕ್ಕಷ್ಟು ಲೆಕ್ಕ ಹಾಕಿ, ಗುಂಡಿ ಒತ್ತಬೇಕು. ಮೂರು ದಿನಕ್ಕೊಮ್ಮೆ ನಳಿಕೆ ತೆಗೆದು ಬೇರೆ ಜಾಗದಲ್ಲಿ ಹೊಸದನ್ನು ಹಾಕಬೇಕು. ಮಲಗಿದಾಗ ಅದು ಮಗ್ಗುಲಲ್ಲಿರುತ್ತದೆ. ಸ್ನಾನಕ್ಕೆ ಮಾತ್ರ ಬಿಚ್ಚಿಡುತ್ತೇನೆ. ಆ ಹತ್ತು ನಿಮಿಷ ಮೈ ಹಗುರವಾಗುವುದಿಲ್ಲ. ಏನೋ ಮರೆತುಬಂದ ಹಾಗೆ ಇರುತ್ತದೆ.

ತಾಳವಾಡಿಗೆ ಬರುವ ಮುಂಚಿನ ವರ್ಷ ನನಗೊಂದು ಸಂಬಂಧ ನಿಶ್ಚಯವಾಗಿತ್ತು. ಹುಡುಗನಿಗೆ ವಿಷಯ ಹೇಳಿದ್ದೆವು. ಅವನು ತಲೆಯಾಡಿಸಿದ್ದ. ಆದರೆ ನಿಶ್ಚಿತಾರ್ಥಕ್ಕೆ ಸೀರೆ ಉಡಿಸುವಾಗ ಅವನ ಸೋದರತ್ತೆ ನನ್ನ ಹೊಟ್ಟೆಯ ಮೇಲಿನ ನಳಿಕೆ ನೋಡಿದರು. ನೆರಿಗೆ ಪೂರ್ತಿ ಹಿಡಿದು ಕೊಟ್ಟು, ಪಿನ್ನು ಹಾಕಿ, ಆಚೆ ಹೋದರು. ವಾರದೊಳಗೆ ಜಾತಕ ಕೂಡುವುದಿಲ್ಲ ಎಂದು ಹೇಳಿಕಳಿಸಿದರು. ಅಮ್ಮ ಮೂರು ದಿನ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ನಾನು ತಾಳವಾಡಿಗೆ ಹೊರಟಾಗ ಬಸ್ಸಿನ ಕಿಟಕಿಗೆ ಬಾಯಿಟ್ಟು, ‘ಅಲ್ಲಿ ಯಾರ್ಗೂ ಹೇಳಬೇಡ ಮಗಾ’ ಎಂದಿದ್ದಳು.

ಹೇಳಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿಯೊಂದರ ಮಾಳಿಗೆಯಲ್ಲಿ ಕೋಣೆ ಹಿಡಿದೆ. ಕೆಳಗಿನ ಮನೆಯಲ್ಲಿ ಫ್ರಿಜ್ಜಿತ್ತು, ಕೇಳಿದ್ದರೆ ಇನ್ಸುಲಿನ್ ಇಟ್ಟುಕೊಡುತ್ತಿದ್ದರು. ಕೇಳಿದರೆ ಏನು ಎತ್ತ ಎಂದು ಹೇಳಬೇಕಾಗುತ್ತಿತ್ತು. ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸೀಸೆಗಳನ್ನು ಹೂತಿಟ್ಟೆ. ಆ ಊರಿನ ತಂಪಿಗೆ ಅದು ಸಾಕಾಗುತ್ತಿತ್ತು. ಸಂಜೆ ಬೇಗ ಕತ್ತಲಾಗುತ್ತಿತ್ತು. ಆನೆಗಳು ಕಬ್ಬಿಗೆ ಇಳಿಯುವ ಕಾಲವಾದ್ದರಿಂದ ಹೊತ್ತು ಮುಳುಗಿದ ಮೇಲೆ ಯಾರೂ ಊರಿಂದ ಊರಿಗೆ ಹೋಗುತ್ತಿರಲಿಲ್ಲ. ದೂರದಲ್ಲಿ ಪಟಾಕಿ ಹೊಡೆಯುವ ಸದ್ದು, ಡಬ್ಬ ಬಡಿಯುವ ಸದ್ದು ಕೇಳುತ್ತಿತ್ತು. ಅಮ್ಮ ಫೋನು ಮಾಡಿ ಮೊದಲು ಕೇಳುತ್ತಿದ್ದದ್ದು, ‘ಎಷ್ಟಿತ್ತು?’ ನಾನು ಆ ದಿನದ ಸಕ್ಕರೆಯ ಸಂಖ್ಯೆ ಹೇಳುತ್ತಿದ್ದೆ. ಕಡಿಮೆಯಿದ್ದರೆ ಅವಳಿಗೆ ಭಯ, ಜಾಸ್ತಿಯಿದ್ದರೆ ಸಂಕಟ, ಸರಿಯಿದ್ದರೆ ಅನುಮಾನ. ಅಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ಆಮೇಲೆ ಕೋಣೆಯಲ್ಲಿ ಮಳೆ ಬಿಟ್ಟರೆ ಮಾತಾಡುವವರು ಯಾರೂ ಇರಲಿಲ್ಲ.

ವಾರಕ್ಕೆ ಮೂರು ನಾಲ್ಕು ದಿನ ನನ್ನ ಕೆಲಸ ಗೆಟ್ಟವಾಡಿಯಲ್ಲಿ. ಅಲ್ಲಿ ಬಸವಣ್ಣ ಎಂಬ ರೈತರು ರೇಷ್ಮೆ ಹುಳು ಸಾಕಲು ಹೊಸದಾಗಿ ದೊಡ್ಡ ಹುಳುಮನೆ ಕಟ್ಟಿಸಿದ್ದರು. ಬೆಳಗ್ಗೆ ವಿಭೂತಿ ಹಚ್ಚಿಕೊಂಡರೆ ಬೆವರಿನಲ್ಲಿ ಅಳಿಸಿಹೋಗುವವರೆಗೆ ಹೊಲದಲ್ಲಿರುತ್ತಿದ್ದ, ಮಾತು ಕಡಿಮೆಯ ಮನುಷ್ಯ. ಅವರ ಹೆಂಡತಿ ಗೌರಮ್ಮ ಇಬ್ಬರ ಮಾತನ್ನೂ ತಾವೇ ಆಡುತ್ತಿದ್ದರು. ಹುಳುಮನೆಯ ನಿಜವಾದ ಕೆಲಸ ಮಾತ್ರ ಮಾದೇವಿಯ ಕೈಯಲ್ಲಿತ್ತು. ಸೊಪ್ಪು ಕೊಯ್ದು ತರುವುದು, ಹಾಸುವುದು, ಹಿಕ್ಕೆ ತೆಗೆಯುವುದು, ಸುಣ್ಣ ಎರಚುವುದು, ಎಲ್ಲ ಅವಳದೇ. ಊರಾಚೆಯ ಕಾಲೋನಿಯಿಂದ ಕತ್ತಲಿರುವಾಗಲೇ ಬರುತ್ತಿದ್ದಳು. ನಲವತ್ತರ ಆಸುಪಾಸು, ಎತ್ತರದ ಆಳು. ಗಂಡ ತೀರಿಹೋಗಿದ್ದ. ಒಬ್ಬಳೇ ಮಗಳು, ಹೆಸರು ಜಯ, ಆಗ ಬಸುರಿಯಾಗಿ ತವರಿಗೆ ಬಂದಿದ್ದಳು.

ಬಸವಣ್ಣನವರ ಮನೆಯಲ್ಲೇ ನನ್ನ ಮಧ್ಯಾಹ್ನದ ಊಟ. ಬೇಡವೆಂದರೂ ಗೌರಮ್ಮ ಕೇಳುತ್ತಿರಲಿಲ್ಲ. ಒಂದು ಮುದ್ದೆ, ಸೊಪ್ಪಿನ ಸಾರು, ಸ್ವಲ್ಪ ಅನ್ನ. ದಿನಾ ಒಂದೇ ಆದ್ದರಿಂದ ಲೆಕ್ಕ ಸುಲಭ. ಹಿತ್ತಲಿಗೆ ಹೋಗಿ ಬೆರಳು ಚುಚ್ಚಿ ನೋಡಿ, ಒಳಗೆ ಬಂದು ಕೂತು, ದುಪಟ್ಟದ ಮರೆಯಲ್ಲಿ ಮಿಷನ್ನಿನ ಗುಂಡಿ ಒತ್ತುತ್ತಿದ್ದೆ. ಗೌರಮ್ಮನ ಕಣ್ಣಿಗೆ ಅದು ಫೋನು.

‘ಅದ್ಯಾರವ್ವ ಅವ್ನು, ನೀ ತುತ್ತು ಬಾಯ್ಗಿಡೋಕ್ ಮುಂಚೆ ಅಪ್ಪಣೆ ಕೇಳ್ಬೇಕಾದೋನು?’ ಎಂದು ಒಂದು ದಿನ ಕೇಳಿಯೇಬಿಟ್ಟರು.

ನಾನು ನಕ್ಕು ಸುಮ್ಮನಾದೆ. ಮೇಡಮ್ಮಿಗೆ ಯಾರೋ ಇದ್ದಾನೆ, ದಿನಾ ಊಟದ ಹೊತ್ತಿಗೆ ಮೆಸೇಜು ಹಾಕುತ್ತಾಳೆ ಎಂಬ ಸುದ್ದಿ ಊರಲ್ಲಿ ನಿಂತುಬಿಟ್ಟಿತು. ಇಲ್ಲದವನೊಬ್ಬನನ್ನು ಊರು ನನಗೆ ಕೊಟ್ಟಿತ್ತು. ಕೋಣೆಗೆ ಹೋದ ಮೇಲೆ ಅದನ್ನು ನೆನೆದು ಒಬ್ಬಳೇ ನಗುತ್ತಿದ್ದೆ. ನಗು ಮುಗಿದ ಮೇಲೆ ಕೋಣೆ ಮೊದಲಿಗಿಂತ ಖಾಲಿಯಾಗಿರುತ್ತಿತ್ತು.

ಮಾದೇವಿಗೂ ನನಗೂ ಮೊದಮೊದಲು ಚೆನ್ನಾಗಿತ್ತು. ಹುಳುಮನೆಯೊಳಗೆ ಚಪ್ಪಲಿ, ಚೀಲ, ಹೂವು, ಪೌಡರು ಏನೂ ತರುವಂತಿಲ್ಲ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ ಬರಬೇಕು. ಒಳಗೆ ಬಂದರೆ ಹೊರಗಿನ ಲೋಕ ಇಲ್ಲ. ಹುಳುಗಳು ನಾಲ್ಕನೆಯ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದ ಮೇಲೆ, ಸೊಪ್ಪು ತಿನ್ನುವ ಸದ್ದೊಂದೇ ತುಂಬಿಕೊಂಡಿರುತ್ತದೆ. ಆ ಸದ್ದಿನಲ್ಲಿ ನಾವಿಬ್ಬರೂ ಮಾತಿಲ್ಲದೆ ಕೆಲಸ ಮಾಡುತ್ತಿದ್ದೆವು. ಮಾತಾಡದಿದ್ದರೂ ಜೊತೆಯಲ್ಲಿ ಇರುವುದು ಎಂದರೇನೆಂದು ನನಗೆ ಅಲ್ಲಿ ಗೊತ್ತಾಯಿತು. ಒಂದು ದಿನ ಅವಳು ಸುಣ್ಣದ ಕೈಯನ್ನು ಸೀರೆಗೆ ಒರೆಸಿಕೊಂಡು ನಾಚುತ್ತ ಹೇಳಿದಳು:

‘ಮೇಡಮ್ಮೋರೆ, ನಾಡಿದ್ದು ನಮ್ ಜಯಂಗೆ ಮಡ್ಲು ತುಂಬ್ತೀವಿ. ಏಳು ತಿಂಗ್ಳಾಯ್ತು. ನಮ್ಮಟ್ಟಿಗೆ ಬರೋರು ಯಾರಿದ್ದಾರು? ನೀವೊಂದ್ಗಳ್ಗೆ ಬಂದೋದ್ರೆ ಮಗೀಗೆ ಒಳ್ಳೇದು.’

‘ಬರ್ತೀನಿ ಮಾದೇವಮ್ಮ’ ಎಂದೆ.

ಮಡಿಲು ತುಂಬುವ ದಿನ ಬೆಳಗ್ಗೆಯಿಂದಲೇ ನನಗೆ ಬಾಯಿ ಒಣಗುತ್ತಿತ್ತು. ಎಷ್ಟು ನೀರು ಕುಡಿದರೂ ಸಾಲದು. ಬಸವಣ್ಣನವರ ಹಿತ್ತಲಲ್ಲಿ ಬೆರಳು ಚುಚ್ಚಿ ನೋಡಿದರೆ ಮುನ್ನೂರು ದಾಟಿತ್ತು. ಹೊಟ್ಟೆಯ ಮೇಲಿನ ಅಂಟುಪಟ್ಟಿ ಬಿಡಿಸಿ ನೋಡಿದೆ. ಒಳಗಿನ ನಳಿಕೆ ಮಡಚಿಹೋಗಿತ್ತು. ರಾತ್ರಿಯಿಂದ ಮೈಗೆ ಒಂದು ಹನಿ ಇನ್ಸುಲಿನ್ನೂ ಸೇರಿರಲಿಲ್ಲ. ಹೊಸ ನಳಿಕೆ ಇದ್ದದ್ದು ತಾಳವಾಡಿಯ ಕೋಣೆಯಲ್ಲಿ. ವಾಕರಿಕೆ ಶುರುವಾಗಿತ್ತು. ಸಿಕ್ಕ ಮೊದಲ ಬಸ್ಸಿಗೆ ಹೋಗಲೇಬೇಕು. ಆದರೂ ಮಾತು ಕೊಟ್ಟಿದ್ದೆನೆಂದು ಕಾಲೋನಿಯ ಕಡೆಗೆ ಓಡಿದೆ.

ಮಾದೇವಿ ಮನೆ ಮುಂದೆ ಸಗಣಿ ಸಾರಿಸಿ ರಂಗೋಲಿ ಬಿಟ್ಟಿದ್ದಳು. ನಾನು ಬಂದದ್ದು ಕಂಡು ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಜಯಳ ಕೈಗೆ ಬಳೆ, ರವಿಕೆ ಬಟ್ಟೆ ಕೊಟ್ಟೆ. ಅಷ್ಟರಲ್ಲಿ ಮಾದೇವಿ ಒಳಗಿಂದ ಶಾವಿಗೆ ಪಾಯಸ ತಂದಳು. ಹೊಸ ಸ್ಟೀಲ್ ಲೋಟ. ಅಂಗಡಿಯ ಚೀಟಿಯನ್ನು ಕೀಳದೆ ಹಾಗೆಯೇ ಬಿಟ್ಟಿದ್ದಳು, ಅದರಲ್ಲಿ ಇದುವರೆಗೆ ಯಾರೂ ಕುಡಿದಿಲ್ಲ ಎಂದು ನನಗೆ ಕಾಣಲಿ ಎಂದು.

ಬಾಯಿಯ ತನಕ ಬಂದ ವಾಕರಿಕೆಯನ್ನು ನುಂಗಿಕೊಂಡು, ‘ಬೇಡ ಮಾದೇವಮ್ಮ, ಈಗ ತಾನೇ ಆಯ್ತು’ ಎಂದೆ.

‘ಒಂದು ಗುಟ್ಕು.’

‘ಇಲ್ಲ, ಬಸ್ಸು ಬರುತ್ತೆ.’

ಸುತ್ತ ನಿಂತವರಲ್ಲಿ ಒಬ್ಬಳು ನಿಧಾನಕ್ಕೆ ತಲೆ ತಿರುಗಿಸಿ ಆಚೆ ನೋಡಿದಳು. ಮಾದೇವಿ ಲೋಟವನ್ನು ಒಳಗೆ ತೆಗೆದುಕೊಂಡು ಹೋದಳು. ನಾನು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ವಾಂತಿಯಾಗದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತ ಕೋಣೆ ಸೇರಿದೆ. ಹೊಸ ನಳಿಕೆ ಹಾಕಿಕೊಂಡು, ಸಂಜೆಯ ತನಕ ನೀರು ಕುಡಿಯುತ್ತ ಬಿದ್ದುಕೊಂಡಿದ್ದೆ. ಸಕ್ಕರೆ ಇಳಿಯಿತು. ಬೇರೆ ಎಲ್ಲವೂ ಅರ್ಥವಾದದ್ದು ಸಕ್ಕರೆ ಇಳಿದ ಮೇಲೆ.

ಗೌರಮ್ಮನ ಮನೆಯಲ್ಲಿ ನಾನು ದಿನಾ ತಟ್ಟೆ ಹಾಕಿಸಿಕೊಂಡು ಕೂತು ಉಣ್ಣುವುದು ಮಾದೇವಿಗೆ ಕಾಣುತ್ತಿತ್ತು. ಅದೇ ಹೊತ್ತಿಗೆ ಅವಳು ಹಿತ್ತಲ ಗೋಡೆಯ ಗೂಡಿನಿಂದ ತನ್ನ ಲೋಟ ತೆಗೆದುಕೊಂಡು, ಎತ್ತರದಿಂದ ಹೊಯ್ಯುವ ಕಾಫಿಗೆ ಹಿಡಿಯುತ್ತಿದ್ದಳು. ಆ ಮನೆಯ ಮುದ್ದೆ ಇಳಿಯುವ ಗಂಟಲಲ್ಲಿ ಇವಳ ಮನೆಯ ಪಾಯಸ ಇಳಿಯುವುದಿಲ್ಲ ಎಂದರೆ ಅದಕ್ಕೆ ಬೇರೆ ಅರ್ಥ ಇದೆಯೆಂದು ಯಾರು ತಾನೇ ನಂಬುತ್ತಾರೆ? ಮಾರನೆಯ ದಿನ ನಾನೇ ಮಾತು ತೆಗೆದೆ. ‘ನಿನ್ನೆ ಮೈಗೆ ಹುಷಾರಿರಲಿಲ್ಲ ಮಾದೇವಮ್ಮ.’

‘ಇರ್ಲಿ ಬುಡಿ ಮೇಡಮ್ಮೋರೆ’ ಎಂದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಬಾಗಿಲು ಹಾಕಿದ ಮನೆಯಂತೆ ಇತ್ತು.

ಆಮೇಲೆ ಎರಡು ತಿಂಗಳು ಅವಳು ನನಗೆ ಏನನ್ನೂ ನೀಡಲಿಲ್ಲ. ಎಲೆಯಡಿಕೆಯೂ ಇಲ್ಲ, ಹುರಿದ ಕಡಲೆಕಾಯೂ ಇಲ್ಲ. ನಾನು ಹುಳುಮನೆಯ ಒಂದು ಸಾಲಿಗೆ ಬಂದರೆ ಅವಳು ಇನ್ನೊಂದು ಸಾಲಿಗೆ ಸರಿಯುತ್ತಿದ್ದಳು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೆ. ನಿಜ ಹೇಳಬೇಕೆಂದು ಎಷ್ಟೋ ಸಲ ಅವಳ ಹಿಂದೆ ಹೋಗಿ ನಿಂತಿದ್ದೇನೆ. ಹೇಳಿದರೆ ನಾಳೆ ಗೌರಮ್ಮನಿಗೆ ಗೊತ್ತಾಗುತ್ತದೆ, ನಾಡಿದ್ದು ಊರಿಗೆ. ಹುಳ ಸಾಕುವವರಿಗೆ ಮಡಿಮೈಲಿಗೆಯ ಭಯ ಜಾಸ್ತಿ. ಮುಟ್ಟಾದ ಹೆಂಗಸು ಕೂಡ ಹುಳುಮನೆಗೆ ಬರಬಾರದೆನ್ನುವ ಊರಿನಲ್ಲಿ, ರೋಗದ ಮಿಷನ್ನು ಕಟ್ಟಿಕೊಂಡು ಬರುವವಳನ್ನು ಒಳಗೆ ಬಿಡುತ್ತಾರೆಯೇ? ಸೋದರತ್ತೆ ಸುಮ್ಮನೆ ಪಿನ್ನು ಹಾಕಿ ಆಚೆ ಹೋದದ್ದು ಕಣ್ಣಮುಂದೆ ಬರುತ್ತಿತ್ತು. ಮತ್ತೆ ನನ್ನ ಸಾಲಿಗೆ ವಾಪಸ್ ಬರುತ್ತಿದ್ದೆ.

ಆ ವರ್ಷ ಶ್ರಾವಣವಿಡೀ ಬಿಸಿಲು ಕಾಣಲಿಲ್ಲ. ದೊಡ್ಡ ಮಳೆಯಲ್ಲ, ಆ ಬೆಟ್ಟದ ಮೇಲೆ ನಿಂತುಕೊಂಡೇ ಇರುವ ಸೋನೆ. ಒಗೆದ ಬಟ್ಟೆ ಒಣಗುತ್ತಿರಲಿಲ್ಲ. ಹೊಟ್ಟೆಯ ಮೇಲಿನ ಪಟ್ಟಿ ತೇವಕ್ಕೆ ಎದ್ದು ಬರುತ್ತಿತ್ತು. ಒಂದೊಂದು ದಿನ ಆನೆ ರಸ್ತೆಯಲ್ಲಿ ನಿಂತು ಬಸ್ಸೇ ಬರುತ್ತಿರಲಿಲ್ಲ. ಭಾನುವಾರ ಬಂದರೆ ಭಯವಾಗುತ್ತಿತ್ತು. ಬೆಳಗ್ಗೆ ಎದ್ದು ರಾತ್ರಿ ಮಲಗುವವರೆಗೆ ನನ್ನ ದನಿ ನನಗೇ ಕೇಳಿಸದ ಭಾನುವಾರಗಳು ಇದ್ದವು. ಬ್ಯಾಟರಿ ಮುಗಿಯುತ್ತ ಬಂದಾಗ ಮಿಷನ್ನು ಸೊಂಟದಲ್ಲಿ ಗುರ್ರೆಂದು ನಡುಗುತ್ತಿತ್ತು. ಆ ಹೊತ್ತಿಗೆ ಅದೂ ಯಾರೋ ಕರೆದಂತೆ ಅನ್ನಿಸುತ್ತಿತ್ತು.

ಶ್ರಾವಣದ ಕೊನೆಯಲ್ಲಿ ಒಂದು ಬೆಳೆ ಹಣ್ಣಾಗುವ ಹಂತಕ್ಕೆ ಬಂದಿತ್ತು. ಹುಳ ಹಣ್ಣಾಗುವುದೆಂದರೆ ತಿನ್ನುವುದು ಬಿಟ್ಟು, ಮೈ ಬಂಗಾರದ ಬಣ್ಣಕ್ಕೆ ತಿರುಗಿ, ಗೂಡು ಕಟ್ಟಲು ಜಾಗ ಹುಡುಕುವುದು. ಆಗ ಒಂದೊಂದನ್ನೂ ಆರಿಸಿ ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ನಾಳೆ ಆಗಬಹುದೆಂದು ಲೆಕ್ಕ ಹಾಕಿ ಬಸವಣ್ಣನವರು ಹೆಂಡತಿಯ ಜೊತೆ ಚಾಮರಾಜನಗರಕ್ಕೆ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ಗೌರಮ್ಮ ನನಗೆ ಊಟವನ್ನು ಕ್ಯಾರಿಯರಿನಲ್ಲಿ ಹಾಕಿ ಜಗುಲಿಯಲ್ಲಿ ಇಟ್ಟಿದ್ದರು. ನಾನು ಬೆರಳು ಚುಚ್ಚಿ ನೋಡಿದೆ, ಮುದ್ದೆಯ ಲೆಕ್ಕಕ್ಕೆ ಗುಂಡಿ ಒತ್ತಿದೆ, ಕ್ಯಾರಿಯರಿನ ಮುಚ್ಚಳಕ್ಕೆ ಕೈ ಹಾಕಿದೆ. ಅಷ್ಟರಲ್ಲಿ ಹುಳುಮನೆಯಿಂದ ಕೂಗು.

‘ಮೇಡಮ್ಮೋರೆ, ಬನ್ನಿ ಬ್ಯಾಗ! ಉಳ ಅಣ್ಣಾಗ್ಬುಟ್ಟವೆ!’

ಓಡಿದೆ. ತಟ್ಟೆತಟ್ಟೆಯಲ್ಲೂ ಹುಳುಗಳು ತಲೆಯೆತ್ತಿ ಆಡಿಸುತ್ತಿದ್ದವು. ಕೆಲವು ಅಂಚು ದಾಟಿ ಗೋಡೆ ಹತ್ತಿದ್ದವು.

‘ನಾಳೆ ಅಲ್ವಾ ಆಗಬೇಕಾಗಿದ್ದು?’

‘ಅವುಕ್ಕೆ ನಮ್ ನಾಳೆ ನಾಡಿದ್ದು ಗೊತ್ತಾ? ಗೌರಮ್ಮೋರು ಬರೋವತ್ಗೆ ನೆಲ್ದಲ್ಲೇ ಗೂಡು ಕಟ್ಟಿರ್ತವೆ. ನೀವು ಆ ಕಡಿಂದ ಆರ್ಸಿ.’

ಆರಿಸುತ್ತ ಹೋದೆ. ಎರಡು ತಿಂಗಳಲ್ಲಿ ಅವಳು ನನಗೆ ಆಡಿದ ಅತಿ ಉದ್ದದ ಮಾತು ಅದು. ಆ ಖುಷಿಯಲ್ಲಿಯೋ, ಹುಳುಗಳ ಅವಸರದಲ್ಲಿಯೋ, ಊಟ ಮರೆತೇಹೋಯಿತು. ಒಳಗೆ ಹೋದ ಇನ್ಸುಲಿನ್ ಮರೆಯುವುದಿಲ್ಲ. ಅದು ಬರಲಿರುವ ಮುದ್ದೆಗಾಗಿ ಕಾದು, ಸಿಗದೆ, ರಕ್ತದಲ್ಲಿದ್ದ ಸಕ್ಕರೆಯನ್ನೇ ತಿನ್ನತೊಡಗಿತ್ತು.

ಮೊದಲು ಬೆವರು. ಮಳೆಯ ಚಳಿಯಲ್ಲಿ ಕುತ್ತಿಗೆಯಿಂದ ನೀರಿಳಿಯಿತು. ಆಮೇಲೆ ಬೆರಳುಗಳು ಹುಳುಗಳನ್ನು ಹಿಡಿಯಲಾರದೆ ಹೋದವು. ಒಂದು ಹುಳ ಎರಡಾಗಿ ಕಾಣತೊಡಗಿತು. ಗ್ಲೂಕೋಸ್ ಪೊಟ್ಟಣ ಚೀಲದಲ್ಲಿದೆ, ಚೀಲ ಬಾಗಿಲಾಚೆಯ ಮೊಳೆಯಲ್ಲಿದೆ ಎಂದು ಗೊತ್ತಿತ್ತು. ಬಾಗಿಲು ಯಾವ ಕಡೆ ಎನ್ನುವುದು ಮಾತ್ರ ಹೊಳೆಯುತ್ತಿರಲಿಲ್ಲ. ಚಂದ್ರಿಕೆಯ ಕೆಳಗೆ ನೆಲಕ್ಕೆ ಕೂತುಬಿಟ್ಟೆ.

‘ಯಾಕ್ ಮೇಡಮ್ಮೋರೆ? ಯಾಕಿಂಗ್ ನಡುಗ್ತಿದ್ದೀರಿ?’ ಮಾದೇವಿಯ ದನಿ ಕೆರೆಯ ಆಚೆ ದಡದಿಂದ ಬಂದಂತಿತ್ತು.

‘ಸಕ್ಕರೆ’ ಎಂದೆ. ಆ ಒಂದು ಮಾತು ಬಂತು.

‘ಸಕ್ರೆನಾ? ಇಲ್ಲೆಲ್ಲದೆ ಸಕ್ರೆ? ಅಟ್ಟಿಗೆ ಬೀಗ ಆಕೋಗವ್ರೆ.’

ಅವಳು ಹೊರಗೆ ಓಡಿದ್ದು, ತಿರುಗಿ ಬಂದದ್ದು ಕಂಡಿತು. ಕೈಯಲ್ಲಿ ಅವಳ ಅಲ್ಯೂಮಿನಿಯಂ ತೂಕು, ಹಿಡಿಕೆಯ ಡಬ್ಬಿ. ಒಳಗೆ ಮನೆಯಿಂದ ತರುತ್ತಿದ್ದ ಬೆಲ್ಲದ ಕಾಫಿ. ಮುಚ್ಚಳ ತೆಗೆದು ಬಗ್ಗಿದಳು. ಬಗ್ಗಿದವಳು ಅಲ್ಲೇ ನಿಂತಳು.

‘ಇದು ನಮ್ಮಟ್ಟೀದು’ ಎಂದಳು. ‘ಕುಡಿತೀರಾ?’

ನಾನು ಹೂಂ ಎನ್ನಲೂ ಆಗದ ಸ್ಥಿತಿಯಲ್ಲಿದ್ದೆ. ಎರಡು ಕೈಯಿಂದ ತೂಕನ್ನು ಎಳೆದುಕೊಂಡೆ. ಅರ್ಧ ಎದೆಯ ಮೇಲೆ ಚೆಲ್ಲಿತು. ಮಾದೇವಿ ಇನ್ನು ಕೇಳಲಿಲ್ಲ. ನೆಲಕ್ಕೆ ಕೂತು, ನನ್ನ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು, ಮಕ್ಕಳಿಗೆ ಕುಡಿಸುವ ಹಾಗೆ ಗುಟುಕು ಗುಟುಕಾಗಿ ಕುಡಿಸಿದಳು. ಅವಳ ಸೀರೆಯಿಂದ ಸುಣ್ಣದ, ಹಸಿ ಸೊಪ್ಪಿನ ವಾಸನೆ ಬರುತ್ತಿತ್ತು. ಎಷ್ಟು ತಿಂಗಳಾಗಿತ್ತು ಯಾರಾದರೊಬ್ಬರು ನನ್ನನ್ನು ಮುಟ್ಟಿ. ಕಾಫಿ ಮುಗಿದು, ಬೆವರು ಆರಿ, ಕಣ್ಣು ತಿಳಿಯಾದ ಮೇಲೂ ನಾನು ಒಂದು ಗಳಿಗೆ ಏಳಲಿಲ್ಲ.

ಆಮೇಲೆ ಎಲ್ಲ ಹೇಳಿದೆ. ಕುರ್ತಾದ ಅಂಚು ಎತ್ತಿ ಮಿಷನ್ನು, ನಳಿಕೆ, ಪಟ್ಟಿ ತೋರಿಸಿದೆ. ಅವಳು ಬೆರಳು ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡಳು.

‘ಏನಂತಾರೆ ಇದ್ಕೆ?’

‘ಪಂಪು.’

‘ಪಂಪಾ? ನೀರೆತ್ತೋ ಪಂಪಾ?’

‘ಔಷಧಿ ಬಿಡೋ ಪಂಪು.’

‘ಮಲಿಕಂಡಾಗ್ಲೂ ಇರ್ತದಾ?’

‘ಇರುತ್ತೆ. ಯಾವಾಗಲೂ.’

‘ಗಂಡನ್ಗಿಂತ ವಾಸಿ ಬುಡಿ’ ಎಂದು ನಕ್ಕಳು. ತಟ್ಟನೆ ನಗು ನಿಂತಿತು. ‘ಅಂಗಾದ್ರೆ ಆವತ್ತು ಪಾಯಸ?’

‘ಆವತ್ತು ಇದು ಕೆಟ್ಟುಹೋಗಿತ್ತು ಅಕ್ಕ. ಸಕ್ಕರೆ ಏರಿ ವಾಂತಿ ಬರೋ ಹಾಗಿತ್ತು. ಆವತ್ತು ಅದನ್ನ ಕುಡಿದಿದ್ದರೆ ಆಸ್ಪತ್ರೆಗೆ ಹೋಗಬೇಕಾಗಿತ್ತು.’

ಮೇಲಿನ ತಟ್ಟೆಯಿಂದ ಒಂದು ಹುಳ ಅವಳ ಭುಜದ ಮೇಲೆ ಬಿತ್ತು. ಅದನ್ನು ಅಂಗೈಗೆ ತೆಗೆದುಕೊಂಡು ನೋಡುತ್ತ ಹೇಳಿದಳು:

‘ನಿಮ್ದು ನಿಜವೇ ಇರ್ಬೌದು. ಈಗ ಕಣ್ಣಾರ ಕಂಡೆ. ಆದ್ರೆ ಅವ್ವ, ನಮ್ಮಟ್ಟಿ ಬಾಗ್ಲಲ್ ನಿಂತ್ಕಂಡು ಶುಗರು, ಗ್ಯಾಸು, ಒಪ್ಪತ್ತು ಅಂತ ಏಳೋದೋರು ಎಷ್ಟ್ ಜನ ಗೊತ್ತಾ? ನೀವು ಆವತ್ತು ಬಾಯ್ಬುಟ್ಟು ಏಳಿದ್ರೂ ನಾನು ನಂಬ್ತಿರ್ನಿಲ್ವೇನೋ.’

ನಾನು ಎತ್ತಿದ್ದ ಕುರ್ತಾದ ಅಂಚನ್ನು ಕೆಳಗಿಳಿಸಿದೆ.

ಅವಳೇ ಎದ್ದು ಕೈ ಚಾಚಿದಳು. ‘ಓಗಿ, ಮೊದ್ಲು ಉಂಡ್ಬನ್ನಿ. ಉಳ ನಾ ನೋಡ್ಕತೀನಿ. ಉಂಡಾದ್ಮೇಲೆ ಓಡ್ಬನ್ನಿ, ಅವು ಕಾಯಲ್ಲ.’

ಸಂಜೆ ಬಸವಣ್ಣನವರು ಬರುವ ಹೊತ್ತಿಗೆ ಚಂದ್ರಿಕೆಗಳೆಲ್ಲ ತುಂಬಿದ್ದವು. ಗೌರಮ್ಮ ನನ್ನ ಎದೆಯ ಮೇಲಿನ ಕಾಫಿ ಕಲೆ ನೋಡಿ ಏನೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾದೇವಿ, ‘ನನ್ ಕೈ ತಗ್ಲಿ ಚೆಲ್ಲೋಯ್ತು ಕಣ್ರವ್ವ’ ಎಂದಳು. ಮುಟ್ಟಿಸಿಕೊಂಡದ್ದಕ್ಕೆ ಗೌರಮ್ಮ ಹುಬ್ಬು ಗಂಟಿಕ್ಕಿದರು. ಬೈಗುಳ ಮಾದೇವಿಗೆ ಬಿತ್ತು. ಅವಳು ತಲೆ ಬಗ್ಗಿಸಿ ಸೊಪ್ಪಿನ ಕಡ್ಡಿ ಗುಡಿಸುತ್ತ ಕೇಳಿಸಿಕೊಂಡಳು. ನನ್ನ ಗುಟ್ಟಿಗೆ ಅವಳು ತೆತ್ತ ಬೆಲೆ ಅದು. ನಾನು ಅಲ್ಲೇ ನಿಂತಿದ್ದೆ.

ಆ ದಿನದಿಂದ ಆ ಸೀಮೆಯಲ್ಲಿ ಒಬ್ಬರಿಗೆ ಗೊತ್ತಿತ್ತು. ಅಷ್ಟರಿಂದ ಒಂಟಿತನ ಓಡಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಕೋಣೆ ಅದೇ, ಮಳೆ ಅದೇ, ಭಾನುವಾರವೂ ಅದೇ. ಮಾದೇವಿಗೂ ನನಗೂ ನಡುವೆ ಇದ್ದ ಊರು ಎಲ್ಲಿಗೂ ಹೋಗಿರಲಿಲ್ಲ. ಹುಳುಮನೆಯ ಬಾಗಿಲಾಚೆ ಅವಳು ಮತ್ತೆ ನನ್ನಿಂದ ನಾಲ್ಕು ಹೆಜ್ಜೆ ದೂರ ನಡೆಯುತ್ತಿದ್ದಳು. ಒಳಗೆ ಮಾತ್ರ ಬೇರೆ. ಅವಳು ಸೀರೆಯ ಸೆರಗಿನ ತುದಿಯಲ್ಲಿ ಒಂದು ಬೆಲ್ಲದ ಉಂಡೆ ಗಂಟು ಹಾಕಿಕೊಂಡು ಬರತೊಡಗಿದಳು. ಕೇಳಿದರೆ, ‘ನಂಗೆ ಬಾಯ್ಗೆ’ ಎನ್ನುತ್ತಿದ್ದಳು. ಅವಳು ಅದನ್ನು ತಿಂದದ್ದನ್ನು ನಾನೊಂದು ದಿನವೂ ನೋಡಲಿಲ್ಲ.

ಭಾದ್ರಪದದಲ್ಲಿ ಜಯ ಹೆಣ್ಣುಮಗು ಹೆತ್ತಳು. ಮೂರು ತಿಂಗಳು ತುಂಬಿದ ಮೇಲೆ ಅಳಿಯ ಬಂದು ತಾಯಿ ಮಗುವನ್ನು ಕೊಳ್ಳೇಗಾಲದ ಕಡೆಯ ತನ್ನೂರಿಗೆ ಕರೆದುಕೊಂಡು ಹೋದ. ಕೂಸು ನೋಡಿಕೊಳ್ಳಲು ಜನ ಬೇಕೆಂದು ಮಾದೇವಿಯೂ ಹೊರಟಳು. ಅವಳ ಜಾಗಕ್ಕೆ ಇಬ್ಬರು ಬಂದರು. ಹುಳುಮನೆಯ ಕೆಲಸ ನಡೆಯಿತು. ಅವಳು ಹೋದ ಮೇಲಿನ ದಿನಗಳು ಅವಳಿಗೆ ಗೊತ್ತಾಗುವ ಮುಂಚಿನ ದಿನಗಳಿಗಿಂತ ಕಷ್ಟವಾದವು. ಯಾರಿಗೂ ಗೊತ್ತಿಲ್ಲದೆ ಬದುಕುವುದು ರೂಢಿಯಾಗಿತ್ತು. ಒಬ್ಬರಿಗೆ ಗೊತ್ತಿದ್ದು, ಅವರಿಲ್ಲದೆ ಇರುವುದು ರೂಢಿಯಿರಲಿಲ್ಲ.

ಸಂಕ್ರಾಂತಿ ಹತ್ತಿರ ಬಂದಾಗ ನನಗೆ ವರ್ಗವಾಯಿತು. ಹೊರಡುವ ಮುಂಚಿನ ಭಾನುವಾರ ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಅವರ ಊರು ಸೇರಿದೆ. ಕೇಳಿಕೊಂಡು ಮನೆ ಹುಡುಕಿದೆ. ಮಾದೇವಿ ಅಂಗಳದಲ್ಲಿ ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನನ್ನು ಕಂಡು ಎಣ್ಣೆಗೈಯಲ್ಲೇ ಎದ್ದಳು. ಜಯಳ ಅತ್ತೆ ಚಾಪೆ ಹಾಸಿದರು. ಅಕ್ಕಪಕ್ಕದ ನಾಲ್ಕು ಜನ ಬಂದು ಗೋಡೆಗೆ ಒರಗಿ ನಿಂತರು. ಊಟ ಮಾಡಿದೆವು. ನಾಳೆ ಹೋಗುತ್ತಿದ್ದೇನೆಂದು ಹೇಳಿದೆ. ‘ಎಷ್ಟ್ ದೂರ?’ ಎಂದಳು. ದೂರ ಎಂದೆ. ಅವಳು ತಲೆಯಾಡಿಸಿ, ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಳು.

ಬೆಚ್ಚಗಿತ್ತು. ಎಣ್ಣೆಯ ಮೈ, ಕಾಡಿಗೆಯ ದೊಡ್ಡ ಬೊಟ್ಟು. ಅದು ಕೈ ಆಡಿಸುತ್ತ ಆಡಿಸುತ್ತ ನನ್ನ ದುಪಟ್ಟ ಸರಿಸಿತು. ಕುರ್ತಾದ ಪಕ್ಕದ ಸೀಳಿನಿಂದ ಹೊರಬಂದಿದ್ದ ನಳಿಕೆ ಅದರ ಮುಷ್ಟಿಗೆ ಸಿಕ್ಕಿತು. ಹಿಡಿದುಕೊಂಡಿತು. ಎಲ್ಲರ ಕಣ್ಣೂ ಅಲ್ಲಿಗೆ ಬಂತು. ನನ್ನ ಕೈ ಅಭ್ಯಾಸಬಲದಿಂದ ಅದನ್ನು ಮುಚ್ಚಲು ಹೋಯಿತು.

‘ಏನವ್ವ ಅದು, ವೈರು?’ ಎಂದು ಜಯಳ ಅತ್ತೆ ಮುಂದೆ ಬಂದು ಮಗುವಿನ ಮುಷ್ಟಿಗೆ ಕೈಹಾಕಿದರು.

‘ಎಳೀಬ್ಯಾಡಿ ಅಕ್ಕ, ಮೆತ್ತುಗೆ’ ಎಂದಳು ಮಾದೇವಿ. ದನಿ ತಗ್ಗಿಸಲಿಲ್ಲ, ಯಾರ ಕಡೆಗೂ ತಿರುಗಿ ನೋಡಲಿಲ್ಲ. ‘ಅದು ಅವ್ರ ಜೀವ.’

‘ಅಂಗಾ’ ಎಂದರು ಆಕೆ. ಗೋಡೆಗೆ ಒರಗಿದ್ದವರಲ್ಲಿ ಒಬ್ಬರು ಅವರೆಕಾಯಿ ಈ ಸಲ ಹೇಗೆ ಬಂದಿದೆಯೆಂದು ಮಾತು ತೆಗೆದರು. ಉಳಿದವರೂ ಆ ಮಾತಿಗೆ ಹೋದರು. ಆ ಸೋದರತ್ತೆಯ ಹಾಗೆ ಯಾರೂ ಆಚೆ ಹೋಗಲಿಲ್ಲ.

ಮಗು ನಳಿಕೆ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು.